ಬ್ಯಾಟರಿ ಬದಲಿಸುವ ಮೊದಲು



ಬೋರ್ಡೋ ಸಿಂಪಡಣೆಯ ಕಾಲ ಹತ್ತಿರವಾಯಿತೆಂದರೆ ನಮ್ಮ ಸಂಘದ ಕಚೇರಿಗೆ ಎರಡು ಬಗೆಯ ಅರ್ಜಿಗಳು ಬರತೊಡಗುತ್ತವೆ. ಒಂದು ಮೈಲುತುತ್ತಕ್ಕೆ, ಇನ್ನೊಂದು ಗಾಡಿಯ ಬ್ಯಾಟರಿಗೆ. "ಕಾರು ಸೆಲ್ಫ್ ತೆಗೆದುಕೊಳ್ಳುತ್ತಿಲ್ಲ, ಬ್ಯಾಟರಿ ಹೋಗಿದೆ, ಮುಂಗಡ ಮಂಜೂರು ಮಾಡಬೇಕು" ಎಂದು ಬರೆದುಕೊಂಡೇ ಬರುತ್ತಾರೆ. ಮುಂಗಡ ಕೊಡಲು ನಮ್ಮ ಅಭ್ಯಂತರವೇನೂ ಇಲ್ಲ. ಆದರೆ ಬ್ಯಾಟರಿ ಹೋಗಿದೆಯೆಂದು ಪರೀಕ್ಷಿಸಿದವರು ಯಾರು ಎಂದು ಕೇಳಿದರೆ ಬಹುಮಟ್ಟಿಗೆ ಬರುವ ಉತ್ತರ ಒಂದೇ: ಬ್ಯಾಟರಿ ಮಾರುವವರೇ ಹೇಳಿದರು.

ಮೂರು ಎಕರೆ ತೋಟದವನಿಗೆ ಐದಾರು ಸಾವಿರ ರೂಪಾಯಿ ಚಿಕ್ಕ ಮೊತ್ತವಲ್ಲ. ಆ ಹಣ ಸುರಿದ ಮೇಲೂ ಎರಡು ತಿಂಗಳಲ್ಲಿ ಗಾಡಿ ಮತ್ತೆ ಅದೇ ಜಾಗದಲ್ಲಿ ಅದೇ ರೀತಿ ನಿಂತಿತೆಂದರೆ ಆಗುವ ಸಂಕಟ ಹಣದ್ದಷ್ಟೇ ಅಲ್ಲ. ನಮ್ಮ ಒಂಟಿ ಮನೆಗಳಿಂದ ಆಸ್ಪತ್ರೆಗೆ ಎಷ್ಟು ದೂರವಿದೆಯೆಂಬುದು ಓದುಗರಿಗೆ ಗೊತ್ತಿದೆ. 2008ರಿಂದ 108ರ ಸೇವೆ ಇದೆ, ನಿಜ. ಆದರೆ ಆಷಾಢದ ರಾತ್ರಿ ಮರ ಬಿದ್ದು ಫೋನು ಸತ್ತಾಗ ಕೊಟ್ಟಿಗೆಯ ಪಕ್ಕದ ಹಳೆಯ ಕಾರೇ ಗತಿ. ಆ ಹೊತ್ತಿನಲ್ಲಿ ಕೀಲಿ ತಿರುಗಿಸಿದರೆ 'ಟಿಕ್' ಎಂಬ ಸದ್ದೊಂದೇ ಬಂದರೆ ಹೇಗಿರುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು.

ಆದ್ದರಿಂದ ನಾವು ಹೇಳಬಯಸುವುದು ಇಷ್ಟೇ. ಹಳೆಯ ಗಾಡಿ ಸ್ಟಾರ್ಟ್ ಆಗದಿದ್ದಾಗ ತಪ್ಪು ಬ್ಯಾಟರಿಯದ್ದಾಗಿರುವುದಕ್ಕಿಂತ ತಂತಿಗಳು ಕೂಡುವ ಜಾಗದ್ದಾಗಿರುವುದು ಹೆಚ್ಚು. ಆದಕಾರಣ ಮೊದಲು ಅಳೆಯಬೇಕು, ಆಮೇಲೆ ಬದಲಿಸಬೇಕು. ಈ ನಿಯಮವನ್ನು ಸದಸ್ಯರು ಮನೆಯಲ್ಲಿ ಪಾಲಿಸಬೇಕು, ಸಂಘವು ಮುಂಗಡ ಕೊಡುವಾಗ ಪಾಲಿಸಬೇಕು.

ದೀಪ ಉರಿದರೂ ಗಾಡಿ ಹೊರಡದೇಕೆ?

1911ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು ಕಾರಿಗೆ ವಿದ್ಯುತ್ ಸ್ಟಾರ್ಟರನ್ನು ಸಿದ್ಧಪಡಿಸಿದರು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂದಿತು. ಅದಕ್ಕೆ ಮುಂಚೆ ಹ್ಯಾಂಡಲು ಹಾಕಿ ತಿರುಗಿಸಬೇಕಾಗಿತ್ತು. ಆ ಹ್ಯಾಂಡಲಿನ ತೋಳ್ಬಲವನ್ನು ಈಗ ಕೊಡುವುದು ಬ್ಯಾಟರಿ. ಎಂಜಿನ್ ತಿರುಗಿಸುವ ಆ ಎರಡು ಮೂರು ಸೆಕೆಂಡುಗಳಲ್ಲಿ ಸಾಮಾನ್ಯ ಕಾರಿನ ಸ್ಟಾರ್ಟರು 100ರಿಂದ 200 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಡೀಸೆಲ್ ಎಂಜಿನ್ನಾದರೆ ಇನ್ನೂ ಹೆಚ್ಚು. ಮುಂದಿನ ಎರಡು ದೀಪಗಳು ಸೇರಿ ಎಳೆಯುವುದು ಸುಮಾರು 10 ಆಂಪಿಯರ್ ಮಾತ್ರ.

ಈಗ ಬ್ಯಾಟರಿಯ ಟರ್ಮಿನಲ್ಲಿನಲ್ಲೋ ಅರ್ಥ್ ತಂತಿಯ ತುದಿಯಲ್ಲೋ ಕಿಲುಬು ಹಿಡಿದು ಒಂದು ಓಮ್‌ನ ನೂರರಲ್ಲಿ ಒಂದು ಪಾಲಿನಷ್ಟು ತಡೆ ಉಂಟಾಯಿತೆನ್ನೋಣ. ದೀಪ ಹಾಕಿದಾಗ ಅಲ್ಲಿ ನಷ್ಟವಾಗುವುದು ಒಂದು ವೋಲ್ಟಿನ ಹತ್ತನೇ ಒಂದು ಪಾಲು. ಕಣ್ಣಿಗೆ ಕಾಣುವುದೇ ಇಲ್ಲ. ಅದೇ ಸೆಲ್ಫ್ ಹೊಡೆದಾಗ 200 ಆಂಪಿಯರ್ ಹರಿಯಬೇಕಾದಲ್ಲಿ 2 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. 400 ವಾಟ್‌ನಷ್ಟು ಶಾಖ ಆ ಚಿಕ್ಕ ಜಾಗದಲ್ಲಿ ಹುಟ್ಟುತ್ತದೆ. ಸ್ಟಾರ್ಟರಿಗೆ ತಲುಪಬೇಕಾದ ಬಲ ತಲುಪುವುದಿಲ್ಲ. ದೀಪ ಚೆನ್ನಾಗಿ ಉರಿಯುತ್ತದೆ, ಹಾರ್ನ್ ಗಟ್ಟಿಯಾಗಿ ಕೂಗುತ್ತದೆ, ಗಾಡಿ ಮಾತ್ರ ಹೊರಡುವುದಿಲ್ಲ. ತೋಟದ ಪೈಪಿನಲ್ಲಿ ಕಸ ಸಿಕ್ಕಿಕೊಂಡಾಗ ಕೈ ತೊಳೆಯುವ ನಲ್ಲಿಗೆ ನೀರು ಬರುತ್ತದೆ, ತುಂತುರು ಗನ್ ಮಾತ್ರ ಏಳುವುದಿಲ್ಲವಷ್ಟೆ. ಇದೂ ಹಾಗೆಯೇ. ಪಂಪು ಬದಲಿಸಿದರೆ ಕಸ ಹೋಗುವುದಿಲ್ಲ.

ಬ್ಯಾಟರಿಯ ತಲೆಯ ಮೇಲೆ ಬೆಳೆಯುವ ನೀಲಿ-ಹಸಿರು ಪುಡಿ ಏನೆಂದು ಎಷ್ಟು ಮಂದಿ ಯೋಚಿಸಿದ್ದಾರೆ? ಬ್ಯಾಟರಿಯಿಂದ ಏಳುವ ಗಂಧಕಾಮ್ಲದ ಆವಿ ತಾಮ್ರದ ತಂತಿಯನ್ನು ತಿಂದು ಉಂಟಾಗುವ ಆ ನೀಲಿ ನಮಗೆ ಚಿರಪರಿಚಿತವಾದ ಮೈಲುತುತ್ತವೇ. ತೋಟದಲ್ಲಿ ಕೊಳೆರೋಗವನ್ನು ತಡೆಯುವ ವಸ್ತು ಕಾರಿನಲ್ಲಿ ವಿದ್ಯುತ್ತನ್ನು ತಡೆಯುತ್ತದೆ. ಬಿಸಿನೀರಿಗೆ ಅಡುಗೆ ಸೋಡ ಕದಡಿ ತೊಳೆದರೆ ಅದು ಹೋಗುತ್ತದೆ. ತೊಳೆಯುವಾಗ ಆ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಒರೆಸಿ, ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿದರೆ ಒಂದು ಮಳೆಗಾಲ ನಿಶ್ಚಿಂತೆ.

ಚಿತ್ತಾಪುರದಲ್ಲಿ ಕಂಡದ್ದು

ಕಳೆದ ವರ್ಷದ ಬೇಸಿಗೆಯಲ್ಲಿ ಸಂಘದ ಉಗ್ರಾಣದ ನೆಲಕ್ಕೆ ಹಾಸುಗಲ್ಲು ನೋಡಲೆಂದು ಇಬ್ಬರು ನಿರ್ದೇಶಕರೊಡನೆ ನಾವು ಕಲಬುರಗಿ ಜಿಲ್ಲೆಗೆ ಹೋಗಿದ್ದೆವು. ನಿರ್ದೇಶಕರೊಬ್ಬರ ಡೀಸೆಲ್ ಅಂಬಾಸಿಡರ್ ನಮ್ಮ ವಾಹನ. ಪದರ ಪದರವಾಗಿ ಏಳುವ ಶಹಾಬಾದ್ ಕಲ್ಲಿನ ಗಣಿಗಳನ್ನು ಶಹಾಬಾದಿನಲ್ಲಿಯೂ ವಾಡಿಯ ಸುತ್ತಲೂ ನೋಡಿದೆವು. ಆ ಭಾಗದ ಸುಣ್ಣಕಲ್ಲೇ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೂ ಆಧಾರ. ದಾರಿಯುದ್ದಕ್ಕೂ ಬಿಳಿ ಧೂಳು, ಮೇಲೆ ನಲವತ್ತು ಡಿಗ್ರಿ ದಾಟಿದ ಬಿಸಿಲು.

ಮಧ್ಯಾಹ್ನ ಚಿತ್ತಾಪುರದಲ್ಲಿ ಊಟ ಮುಗಿಸಿ ಹೊರಟರೆ ಕಾರು ಹೊರಡಲಿಲ್ಲ. ದೀಪ ಪ್ರಖರವಾಗಿದೆ, ಸೆಲ್ಫ್ ಹೊಡೆದರೆ 'ಟಿಕ್' ಮಾತ್ರ. ಹತ್ತಿರದ ಅಂಗಡಿಯವರೊಬ್ಬರು ಬಂದು ಬಾನೆಟ್ ಎತ್ತಿ ನೋಡಿ, ಯಾವ ಮೀಟರನ್ನೂ ಮುಟ್ಟದೆ, ಬ್ಯಾಟರಿ ಸತ್ತಿದೆ ಎಂದು ತೀರ್ಪು ಕೊಟ್ಟು ಹೊಸದರ ಬೆಲೆಯನ್ನೂ ಹೇಳಿದರು. ಜೊತೆಯವರು ಹಣ ಎಣಿಸುವುದರಲ್ಲಿದ್ದರು. ಅಷ್ಟರಲ್ಲಿ ಬೇವಿನ ಮರದ ಕೆಳಗೆ ಟ್ರ್ಯಾಕ್ಟರ್ ಡೈನಮೋ ಬಿಚ್ಚಿಕೊಂಡು ಕುಳಿತಿದ್ದ ವಯಸ್ಸಾದ ಮೆಕ್ಯಾನಿಕರೊಬ್ಬರು ತಾವಾಗಿ ಎದ್ದು ಬಂದರು. ಒಂದು ದಪ್ಪ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿಯನ್ನು ನೇರವಾಗಿ ಎಂಜಿನ್ನಿನ ಕಬ್ಬಿಣಕ್ಕೆ ಒತ್ತಿ ಹಿಡಿದು, "ಈಗ ಹೊಡೀರಿ" ಎಂದರು. ಎಂಜಿನ್ ಮೊದಲ ಸಲಕ್ಕೇ ಎದ್ದಿತು.

"ಬ್ಯಾಟರಿ ಛಲೋ ಅದ್ರಿ ಸರ. ಎಂಜಿನ್ ಅರ್ಥಿನ ಪಟ್ಟಿ ಸುಟ್ಟದ. ಹೊಸಾ ಬ್ಯಾಟರಿ ಹಾಕಿದ್ರೂ ನಾಳಿಗಿ ಮತ್ತ ಇದೇ ಹಾಡು" ಎಂದರು ಅವರು.

ವಿಷಯ ಸರಳ. ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ವಿದ್ಯುತ್ ಹರಿಯದು. ಆದ್ದರಿಂದ ಎಂಜಿನ್ನಿನಿಂದ ಚಾಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಹಾಕಿರುತ್ತಾರೆ. ಸ್ಟಾರ್ಟರಿಗೆ ಹೋದ ವಿದ್ಯುತ್ತೆಲ್ಲ ಹಿಂದಿರುಗಬೇಕಾದ ದಾರಿ ಅದು. ದೀಪಗಳ ಅರ್ಥ್ ಬಾಡಿಗೇ ಇರುವುದರಿಂದ ಅವು ಎಂದಿನಂತೆ ಉರಿಯುತ್ತವೆ. ಪಟ್ಟಿ ಕೆಟ್ಟಾಗ ವಿದ್ಯುತ್ತು ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್ ಮೊದಲಾದ ಕಳ್ಳದಾರಿ ಹಿಡಿಯುವುದೂ ಉಂಟು. ಸೆಲ್ಫ್ ಹೊಡೆದ ಮೇಲೆ ಆ ಕೇಬಲ್ ಬಿಸಿಯಾಗಿದ್ದರೆ ಅರ್ಥ್ ಪಟ್ಟಿಯನ್ನೇ ಸಂಶಯಿಸಬೇಕು. ಸೊಲ್ಲಾಪುರದಿಂದ ಗುಂತಕಲ್ಲಿಗೆ ಹೋಗುವ ಹಳಿಗೆ ಸಿಕಂದರಾಬಾದಿನ ಹಳಿ ಬಂದು ಕೂಡುವುದು ಅಲ್ಲೇ ಹತ್ತಿರದ ವಾಡಿ ಜಂಕ್ಷನ್ನಿನಲ್ಲಿ. ಅಲ್ಲಿ ತಡೆಯಾದರೆ ಎಂಜಿನ್ ಎಷ್ಟು ಬಲವಾಗಿದ್ದರೂ ರೈಲು ಮುಂದೆ ಹೋಗದು. ಕಾರಿನ ಕಥೆಯೂ ಅದೇ.

ಬಿಸಿಲ ನಾಡು, ಮಳೆಯ ನಾಡು

ನಮ್ಮೂರಿನ ಬೆಳಗಿನ ತಂಪಿನಲ್ಲಿ ಹೊರಡುತ್ತಿದ್ದ ಕಾರು ಅಲ್ಲೇಕೆ ನಿಂತಿತು? ಇದನ್ನೂ ಆ ಹಿರಿಯರು ಒಂದೇ ಮಾತಿನಲ್ಲಿ ಹೇಳಿದರು: "ಬಿಸಿಲಾಗ ಮುಚ್ಚಿಟ್ಟದ್ದೆಲ್ಲ ಬಯಲಾಗ್ತದ್ರಿ." ತಾಮ್ರದ ಉಷ್ಣತೆ 50 ಡಿಗ್ರಿ ಏರಿದರೆ ಅದರ ತಡೆ ಐದರಲ್ಲೊಂದು ಪಾಲಿನಷ್ಟು ಹೆಚ್ಚುತ್ತದೆ. ಸೈಲೆನ್ಸರ್ ಪೈಪಿನ ಬದಿಯಲ್ಲಿ ಕಾದ ಸ್ಟಾರ್ಟರು, ಕಾದ ಕೇಬಲ್, ಅದರ ಜೊತೆಗೆ ಅರೆಸುಟ್ಟ ಪಟ್ಟಿ. ಮೊದಲೇ ಅಂಚಿನಲ್ಲಿದ್ದುದು ಅಂಚು ದಾಟಿತು.

ಸೇಡಂ, ಚಿಂಚೋಳಿ ಕಡೆಯ ಕಷ್ಟ ಇನ್ನೊಂದು ತೆರನಾದದ್ದು. ತೊಗರಿ ರಾಶಿ ಮುಗಿದ ಮೇಲೆ ಟ್ರ್ಯಾಕ್ಟರುಗಳೂ ಹಳೆಯ ಜೀಪುಗಳೂ ಮುಂಗಾರಿನ ತನಕ ಬಿಸಿಲಿನಲ್ಲಿಯೇ ನಿಂತಿರುತ್ತವೆ. ಬ್ಯಾಟರಿಯ ನೀರು ಆರಿ ಪ್ಲೇಟುಗಳು ಮೇಲೆ ಕಾಣುತ್ತವೆ. ಸರಾಸರಿ ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಬ್ಯಾಟರಿಯ ಆಯುಷ್ಯ ಅರ್ಧಕ್ಕಿಳಿಯುತ್ತದೆಂಬುದು ತಿಳಿದವರ ಲೆಕ್ಕ. ವಿಲಾಯಿತಿ ಪುಸ್ತಕಗಳು ಚಳಿಗಾಲದಲ್ಲಿ ಬ್ಯಾಟರಿಯನ್ನು ಕಾಪಾಡಿಕೊಳ್ಳಿರೆಂದು ಬರೆಯುತ್ತವೆ. ನಮ್ಮ ರಾಜ್ಯದಲ್ಲಿ ಅದನ್ನು ಕೊಲ್ಲುವುದು ಬೇಸಿಗೆ.

ಮಲೆನಾಡಿನಲ್ಲಿ ಬ್ಯಾಟರಿ ಅಷ್ಟು ಬೇಗ ಸಾಯುವುದಿಲ್ಲ. ಇಲ್ಲಿ ಕೊಳೆಯುವುದು ಕೂಡುಗಳು. ತಿಂಗಳುಗಟ್ಟಲೆ ತೇವ, ಅದರ ಮೇಲೆ ಇಲಿ ಕಡಿದ ತಂತಿ, ರಿಲೇಯೊಳಗೆ ಇರುವೆ ಗೂಡು. ಇದಲ್ಲದೆ ನಾವೇ ಒಂದು ಕಷ್ಟವನ್ನು ಮೈಮೇಲೆ ಎಳೆದುಕೊಳ್ಳುತ್ತೇವೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಆದರೆ ಅದರ ಒದ್ದೆ ಚೀಲವನ್ನು ಜೀಪಿನ ಕಬ್ಬಿಣದ ನೆಲದ ಮೇಲೆ ವರ್ಷವರ್ಷವೂ ಹೊರುತ್ತೇವೆ. ಅದು ಸೋರಿ ಚಾಸಿಯನ್ನೂ ಅರ್ಥ್ ಬೋಲ್ಟನ್ನೂ ತಿನ್ನುತ್ತದೆ. ಕೆಳಗೆ ಒಂದು ಪ್ಲಾಸ್ಟಿಕ್ ತಟ್ಟೆ ಇಟ್ಟರೆ ಸಾಕು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಮೊದಲು ಎರಡು ರೋಗಗಳನ್ನು ಬೇರೆ ಮಾಡಿಕೊಳ್ಳಬೇಕು. ಎಂಜಿನ್ ತಿರುಗುತ್ತಲೇ ಇಲ್ಲವೇ? ಅಥವಾ ಚೆನ್ನಾಗಿ ತಿರುಗಿಯೂ ಹಿಡಿಯುತ್ತಿಲ್ಲವೇ? ಎರಡನೆಯದಾದರೆ ಬ್ಯಾಟರಿಯನ್ನು ದೂರಿ ಪ್ರಯೋಜನವಿಲ್ಲ.

ತಿರುಗದಿದ್ದರೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ದೀಪ ಹಾಕಿ ಸೆಲ್ಫ್ ಹೊಡೆದು ನೋಡಿರಿ. ದೀಪ ಪೂರ್ತಿ ಆರಿದರೆ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆ ಅಥವಾ ಕಿಲುಬಿದೆ. ದೀಪ ಬಹಳ ಮಂಕಾಗಿ 'ಟಕಟಕ' ಸದ್ದು ಬಂದರೆ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ ಅಥವಾ ಕೂಡು ಕೆಟ್ಟಿದೆ. ದೀಪ ಹಾಗೆಯೇ ಇದ್ದು ಸದ್ದೇ ಬಾರದಿದ್ದರೆ ಇಗ್ನಿಷನ್ ಸ್ವಿಚ್ಚು, ಸೊಲೆನಾಯ್ಡಿಗೆ ಹೋಗುವ ಸಣ್ಣ ತಂತಿ ಅಥವಾ ಎಂಜಿನ್ನಿನ ಅರ್ಥ್ ನೋಡಬೇಕು. ಒಂದೇ ಗಟ್ಟಿ 'ಟಕ್' ಬಂದು ನಿಂತರೆ ಸ್ಟಾರ್ಟರಿನ ಬ್ರಷ್ಷು, ಸೊಲೆನಾಯ್ಡಿನ ಒಳಗಿನ ಕಾಂಟ್ಯಾಕ್ಟುಗಳು ಅಥವಾ ಅರ್ಥ್ ಪಟ್ಟಿ.

ಆಮೇಲೆ ಮೀಟರು. ಗಾಡಿ ನಿಂತು ಕೆಲವು ಗಂಟೆಗಳಾದ ಮೇಲೆ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಬಹುಪಾಲು ಖಾಲಿ. ಖಾಲಿ ಎಂದರೆ ಕೆಟ್ಟಿದೆ ಎಂದರ್ಥವಲ್ಲ. ಚಾರ್ಜ್ ಮಾಡಿ ಮತ್ತೆ ನೋಡಬೇಕು. ತುಂಬಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗಿಳಿದರೆ ಆಗ ಮಾತ್ರ ಅದರ ಮೇಲೆ ಸಂಶಯ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರೂ ಸೆಲ್ಲುಗಳನ್ನು ನೋಡಿರಿ. ಒಂದು ಸೆಲ್ ಉಳಿದವುಗಳಿಗಿಂತ 0.050ರಷ್ಟು ಕಡಿಮೆ ತೋರಿಸಿದರೆ ಆ ಸೆಲ್ ಹೋಗಿದೆ. ಬ್ಯಾಟರಿ ಬದಲಿಸಲೇಬೇಕು.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆಯನ್ನೇ ಬಹಳ ಮಂದಿ ಮಾಡುವುದಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದನ್ನು ಎಂಜಿನ್ನಿನ ಮೇಲೆ ಇಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿರಿ. 0.2, ಹೆಚ್ಚೆಂದರೆ 0.3 ವೋಲ್ಟ್ ತೋರಿಸಬಹುದು. ಅದಕ್ಕಿಂತ ಹೆಚ್ಚಾದರೆ ಅರ್ಥ್ ಕೆಟ್ಟಿದೆ. ಪಾಸಿಟಿವ್ ಕಂಬದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿಗೂ ಹೀಗೆಯೇ. ಅಲ್ಲಿ ಅರ್ಧ ವೋಲ್ಟ್ ಮೀರಬಾರದು. ಗಾಡಿ ಎದ್ದ ಮೇಲೆ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಬರಬೇಕು. ಬಾರದಿದ್ದರೆ ಬೆಲ್ಟು, ಆಲ್ಟರ್ನೇಟರು ನೋಡಿರಿ. 15 ದಾಟಿದರೆ ರೆಗ್ಯುಲೇಟರು ಬ್ಯಾಟರಿಯನ್ನು ಕುದಿಸುತ್ತಿದೆ ಎಂದು ತಿಳಿಯಿರಿ.

ಕೆಲವು ಎಚ್ಚರಿಕೆಗಳು. ಬ್ಯಾಟರಿಯ ಬಳಿ ಬೀಡಿ, ಬೆಂಕಿ ಬೇಡ. ಅಲ್ಲಿಂದ ಹೊಮ್ಮುವ ಹೈಡ್ರೋಜನ್ ಸಿಡಿಯುತ್ತದೆ. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದು ಕೊನೆಗೆ. ಬೇರೆ ಗಾಡಿಯ ಬ್ಯಾಟರಿಯಿಂದ ಎಬ್ಬಿಸುವಾಗ ಕಪ್ಪು ಕೇಬಲ್ಲಿನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕದೆ ದೂರದ ಎಂಜಿನ್ ಕಬ್ಬಿಣಕ್ಕೆ ಹಾಕಿರಿ. ತೀರ ಹಳೆಯ ಇಂಗ್ಲಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರುವುದುಂಟು, ಯುದ್ಧಕಾಲದ ವಿಲ್ಲಿಸ್ ಜೀಪು 6 ವೋಲ್ಟಿನದು. ನೋಡದೆ ಜೋಡಿಸಬಾರದು. ಸೆಲ್ಫನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿರಿ. ಬ್ಯಾಟರಿಗೆ ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿಯ ನೀರೂ ಬೇಡ, ಆಸಿಡ್ಡೂ ಬೇಡ.

ಇನ್ನು ತಿರುಗಿದರೂ ಹಿಡಿಯದ ಗಾಡಿ. ಹಳೆಯ ಪೆಟ್ರೋಲ್ ಅಂಬಾಸಿಡರ್, ಪದ್ಮಿನಿಗಳಲ್ಲಿ ಮಳೆಗಾಲದ ಮೊದಲ ಅಪರಾಧಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗಿನ ತೇವ. ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ಗಾಡಿಗಳು ಏಳುತ್ತವೆ. ಆಮೇಲೆ ಪಾಯಿಂಟು ಸುಟ್ಟಿದೆಯೇ, ಅಂತರ ಸುಮಾರು 0.4 ಮಿಲಿಮೀಟರ್ ಇದೆಯೇ, ಕಂಡೆನ್ಸರ್ ಸರಿಯಿದೆಯೇ ನೋಡಬೇಕು. ಡೀಸೆಲ್ ಆದರೆ ಹೀಟರ್ ಪ್ಲಗ್ಗಿಗೆ ವಿದ್ಯುತ್ ಬರುತ್ತಿದೆಯೇ ನೋಡಿರಿ.

ತಳ್ಳಿದರಾಯಿತು ಎನ್ನುವವರಿಗೆ

ಇಳಿಜಾರಿನಲ್ಲಿ ನಿಲ್ಲಿಸಿ ಉರುಳಿಸಿದರಾಯಿತು, ಇದೆಲ್ಲ ಏಕೆ ಎನ್ನುವವರಿದ್ದಾರೆ. ಡೈನಮೋ ಇದ್ದ ಕಾಲಕ್ಕೆ ಆ ಮಾತು ಸಲ್ಲುತ್ತಿತ್ತು. ಅದರಲ್ಲಿ ಉಳಿದಿರುವ ಅಯಸ್ಕಾಂತ ಶಕ್ತಿಯೇ ವಿದ್ಯುತ್ ಹುಟ್ಟಿಸಲು ಸಾಕಾಗುತ್ತಿತ್ತು. ಆಲ್ಟರ್ನೇಟರಿಗೆ ಮೊದಲು ಬ್ಯಾಟರಿಯಿಂದ ಸ್ವಲ್ಪವಾದರೂ ವಿದ್ಯುತ್ ಸಿಗಬೇಕು. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಊರಿನ ಜನರೆಲ್ಲ ತಳ್ಳಿದರೂ ಅದು ಏಳದಿರಬಹುದು. ಅಲ್ಲದೆ ರೋಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಳ್ಳುವವರನ್ನು ಹುಡುಕಲಾದೀತೇ?

ಹಳೆಯ ಗಾಡಿಯನ್ನು ಮಾರಿ ಹೊಸದು ಕೊಳ್ಳಿ ಎನ್ನುವವರೂ ಇದ್ದಾರೆ. ನೆಲ ತುಕ್ಕು ಹಿಡಿದು ಬ್ರೇಕು ನಿಲ್ಲದ ಗಾಡಿಯನ್ನು ಬಿಡಲೇಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ. 15 ವರ್ಷ ದಾಟಿದ ಖಾಸಗಿ ಗಾಡಿಗೆ ನೋಂದಣಿ ನವೀಕರಣದ ಖರ್ಚೂ ಇದೆ. ಆದರೆ ಸಾಲ ತೀರಿದ, ದಾರಿಗೆ ಒಗ್ಗಿದ, ನಮ್ಮ ಕೈಯಲ್ಲೇ ರಿಪೇರಿಯಾಗಬಲ್ಲ ಗಾಡಿಯೊಂದನ್ನು ಕಿಲುಬಿದ ಒಂದು ಬೋಲ್ಟಿನ ಸಲುವಾಗಿ ಗುಜರಿಗೆ ಹಾಕುವುದು ಜಾಣತನವಲ್ಲ. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮಾರುತಿ 800 ಕೂಡ ಅದೇ ವರ್ಷ ನಿಂತಿತು. ಪದ್ಮಿನಿ ಇನ್ನೂ ಮೊದಲೇ ನಿಂತಿತ್ತು. ಗಾಡಿಗಳಿಗಿಂತ ಬೇಗ ಮಾಯವಾಗುತ್ತಿರುವುದು ಅವನ್ನು ಬಲ್ಲ ಕೈಗಳು. ಬೇವಿನ ಮರದಡಿಯ ಆ ಹಿರಿಯರಂಥವರು ನಮ್ಮ ತಾಲ್ಲೂಕಿನಲ್ಲಿಯೂ ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದಾರೆ. ಅವರ ಬಳಿ ಶಿಷ್ಯರಿಲ್ಲ.

ಸಂಘವು ಮಾಡಬೇಕಾದದ್ದು

ಬರುವ ಸರ್ವಸದಸ್ಯರ ಸಭೆಯ ಮುಂದೆ ನಾವು ಮೂರು ಸಲಹೆಗಳನ್ನು ಇಡುತ್ತಿದ್ದೇವೆ.

ಒಂದು: ಸಂಘದ ಪ್ರತಿಯೊಂದು ಶಾಖೆಯಲ್ಲಿಯೂ ಒಂದು ಮಲ್ಟಿಮೀಟರ್, ಒಂದು ಹೈಡ್ರೋಮೀಟರ್, ಒಂದು ಜೊತೆ ದಪ್ಪ ಜಂಪರ್ ಕೇಬಲ್, ಒಂದು ಚಾರ್ಜರ್ ಇರಬೇಕು. ಇವೆಲ್ಲವೂ ಸೇರಿ ಒಂದು ಹೊಸ ಬ್ಯಾಟರಿಯ ಬೆಲೆಯಲ್ಲಿ ಬರುತ್ತವೆ. ಸ್ಪ್ರೇಯರ್ ಬಾಡಿಗೆಗೆ ಕೊಡುವಂತೆಯೇ ಇವನ್ನೂ ಸದಸ್ಯರಿಗೆ ಕೊಡಬಹುದು.

ಎರಡು: ಬ್ಯಾಟರಿಗೆ ಮುಂಗಡ ಕೇಳುವ ಅರ್ಜಿಯ ಜೊತೆ ಪರೀಕ್ಷೆಯ ಚೀಟಿ ಇರಬೇಕು. ನಿಂತಾಗ ಎಷ್ಟು ವೋಲ್ಟ್, ಸೆಲ್ಫ್ ಹೊಡೆದಾಗ ಎಷ್ಟು, ಅರ್ಥಿನಲ್ಲಿ ಎಷ್ಟು ನಷ್ಟ ಎಂಬ ಮೂರು ಅಂಕಿಗಳು ಸಾಕು. ಇದು ಸದಸ್ಯರನ್ನು ಅಲೆದಾಡಿಸುವ ಕ್ರಮವೆಂದು ಕೆಲವರು ಈಗಾಗಲೇ ಗೊಣಗಿದ್ದಾರೆ. ಚೀಟಿ ಬರೆಯಲು ಹದಿನೈದು ನಿಮಿಷ ಸಾಕು. ಬೇಡದ ಬ್ಯಾಟರಿಯ ಕಂತು ತೀರಲು ಒಂದು ವರ್ಷ ಬೇಕು. ಯಾವುದು ಹೆಚ್ಚಿನ ಅಲೆದಾಟ? ನಿಜವಾಗಿ ಬ್ಯಾಟರಿ ಹೋಗಿದ್ದರೆ ಅಂದೇ ಮುಂಗಡ ಕೊಡಲು ಅಡ್ಡಿಯಿಲ್ಲ. ಹಳೆಯದನ್ನು ಮಾತ್ರ ಗುಜರಿಯವನ ಚೀಲಕ್ಕೆ ಹಾಕದೆ ಅಂಗಡಿಗೇ ಹಿಂದಿರುಗಿಸಬೇಕು. ಅದರ ಸೀಸ ನಮ್ಮ ಹಳ್ಳದ ನೀರಿಗೆ ಸೇರಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಉದ್ದೇಶವೂ ಅದೇ.

ಮೂರು: ಮಳೆಗಾಲಕ್ಕೆ ಮುಂಚೆ ಎರಡು ದಿನದ ತರಬೇತಿ ಏರ್ಪಡಿಸಬೇಕು. ಹಳೆಯ ಮೆಕ್ಯಾನಿಕರನ್ನು ಗೌರವಧನ ಕೊಟ್ಟು ಕರೆಸಬೇಕು. ಸದಸ್ಯರ ಮಕ್ಕಳು ಕಲಿಯಲಿ, ಹೆಣ್ಣುಮಕ್ಕಳೂ ಕಲಿಯಲಿ. ಗಂಡಸರು ಸಂತೆಗೆ ಹೋದಾಗಲೇ ಮನೆಯಲ್ಲಿ ಕಾರು ಬೇಕಾಗುವ ಸಂದರ್ಭಗಳು ಹೆಚ್ಚು.

ಸಭೆಯ ತೀರ್ಮಾನಕ್ಕೆ ಕಾಯದೆ ಪ್ರತಿಯೊಬ್ಬರೂ ಈ ಭಾನುವಾರವೇ ಮಾಡಬಹುದಾದ ಕೆಲಸ ಒಂದಿದೆ. ಬಾನೆಟ್ ಎತ್ತಿ ಬ್ಯಾಟರಿಯ ಎರಡು ಟರ್ಮಿನಲ್ಲು, ಎಂಜಿನ್ನಿನ ಅರ್ಥ್ ಪಟ್ಟಿಯ ಎರಡು ತುದಿ, ಸ್ಟಾರ್ಟರಿನ ದಪ್ಪ ಬೋಲ್ಟು, ಹೀಗೆ ಐದು ಕೂಡುಗಳನ್ನು ಬಿಚ್ಚಿ ಉಜ್ಜಿ ಬಿಗಿಯಿರಿ. ಮಳೆಯಲ್ಲಿ ವಾರಗಟ್ಟಲೆ ಗಾಡಿ ನಿಲ್ಲುವುದಾದರೆ ನೆಗೆಟಿವ್ ತಂತಿ ಬಿಚ್ಚಿಡಿ, ಇಲ್ಲವೇ ಹತ್ತು ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ ತನ್ನಿರಿ. ಅಂಗಳದಲ್ಲಿ ಎರಡು ನಿಮಿಷ ಚಾಲೂ ಮಾಡಿ ನಿಲ್ಲಿಸಿದರೆ ಖರ್ಚಾದಷ್ಟೂ ತುಂಬುವುದಿಲ್ಲ. ಸಲಹೆಗಳ ಬಗ್ಗೆ ಒಪ್ಪಿಗೆಯಿದ್ದವರೂ ಇಲ್ಲದವರೂ ಸಭೆಗೆ ಬಂದು ಮಾತನಾಡಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ